ಕುಡಿತ ಬಿಡಿಸುವವರ ಮನಸ್ಸನ್ನೂ ಕಾಯೋಣ

(ಮನ್ನಾಏಖೇಳ್ಳಿಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಆದರೆ ಕುಡಿತ ನಿಂತಿಲ್ಲ, ಅದು ನಿಮಗೇ ಗೊತ್ತದ. ಅದಕ್ಕೇ ವ್ಯಸನಮುಕ್ತಿ ಕೇಂದ್ರಗಳು, ಶಿಬಿರಗಳು ಬೇಕಾಗಿವೆ. ಅಲ್ಲಿ ಸೇರಿದವರು ಹೇಗಿದ್ದಾರೆ ಅಂತ ನಾವೆಲ್ಲ ಕೇಳ್ತೀವಿ. ಅಲ್ಲಿ ಹಗಲು-ರಾತ್ರಿ ದುಡಿಯುವ ನರ್ಸಮ್ಮ, ಆಪ್ತ ಸಮಾಲೋಚಕರು, ಅಡುಗೆಯಾಕೆ ಹೇಗಿದ್ದಾರೆ ಅಂತ ಯಾರು ಕೇಳ್ತಾರೆ?

ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೆಲವೇ ತಾಸಿನಲ್ಲಿ ಕೈ ನಡುಕ, ಬೆವರು ಶುರುವಾಗ್ತದೆ. ಕೆಲವರಿಗೆ ಫಿಟ್ಸ್ ಬರ್ತದೆ. ಎರಡು-ಮೂರು ದಿನಕ್ಕೆ ಇಲ್ಲದ್ದೆಲ್ಲ ಕಾಣ್ತದೆ, ಬೈತಾರೆ, ಕೈ ಎತ್ತುತ್ತಾರೆ. ಇದಕ್ಕೆ ವೈದ್ಯರ ಔಷಧ ಬೇಕೇ ಬೇಕು. ಆ ಹೊತ್ತಿನಲ್ಲಿ ಎದುರಿಗೆ ನಿಲ್ಲುವವರು ಈ ಸಿಬ್ಬಂದಿ. ಕುಡಿತ ಬಿಟ್ಟು ಮನೆಗೆ ಹೋದವನು ಮತ್ತೆ ಕುಡಿದರೆ, ‘ನಮ್ಮ ದುಡಿಮೆ ನೀರಾಗ ಹೋಯ್ತು’ ಎಂದು ಕೊರಗುವವರೂ ಅವರೇ. ಆದರೆ ವ್ಯಸನ ಮರುಕಳಿಸುವ ಕಾಯಿಲೆ. ಅದು ಮರುಕಳಿಸಿದರೆ ಸಿಬ್ಬಂದಿ ಸೋತರು ಎಂದಲ್ಲ.

ತಾವೇ ಕುಡಿತ ಬಿಟ್ಟು ಬಂದವರು, ಮನೆಯಲ್ಲಿ ಕುಡುಕರ ಕಾಟ ಉಂಡವರು ಕೂಡ ಅಲ್ಲಿ ಕೆಲಸಕ್ಕಿರ್ತಾರೆ. ಅವರಿಗೆ ಹಳೆಯ ಗಾಯ ದಿನಾ ಕೆದಕಿದ ಹಾಗೆ.

ಹೀಗೆ ದುಡಿದು ದುಡಿದು ಮನಸ್ಸು ಬತ್ತಿಹೋಗುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗುರುತಿಸಿತು. ಇದು ಕಾಯಿಲೆಯಲ್ಲ, ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದ್ದರಿಂದ ಆಗುವಂಥದ್ದು ಎಂದಿತು. ಸದಾ ಸುಸ್ತು, ‘ಇವರೆಲ್ಲಿ ಸುಧಾರಿಸ್ತಾರೆ’ ಎಂಬ ಬೇಸರ, ತನ್ನ ಕೈಲಿ ಏನೂ ಆಗದು ಎಂಬ ಭಾವನೆ, ಇವೇ ಅದರ ಗುರುತು. ಹಾಗಾಗಿ ‘ಧೈರ್ಯ ತಂದುಕೋರಿ’ ಎಂದು ಹೇಳಿ ಕೈಬಿಟ್ಟರೆ ಸಾಲದು, ಕೆಲಸದ ಪದ್ಧತಿಯೂ ಬದಲಾಗಬೇಕು.

ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಡಬಾರದು. ವಾರದ ರಜೆ ತಪ್ಪಿಸಬಾರದು. ನಮ್ಮ ಸಂಘದಲ್ಲಿ ಉಳಿತಾಯದ ಲೆಕ್ಕದ ಜೊತೆ ಸುಖ-ದುಃಖ ಮಾತಾಡ್ತೀವಲ್ಲ, ಹಾಗೆ ಸಿಬ್ಬಂದಿಯೂ ವಾರಕ್ಕೊಮ್ಮೆ ಕೂತು ಮನಸ್ಸು ಬಿಚ್ಚಬೇಕು. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ನಿದ್ದೆ, ಊಟ ಕೆಟ್ಟು ಹಾಗೇ ಮುಂದುವರಿದರೆ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಈ ಟೆಲಿ ಮಾನಸ್ ಸೇವೆ ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.

ನಾವೇನು ಮಾಡಬಹುದು? ನಮ್ಮ ಮನೆಯವರು ಮತ್ತೆ ಕುಡಿದಾಗ ‘ನೀವೇನು ಮಾಡಿದ್ರಿ’ ಎಂದು ಸಿಬ್ಬಂದಿಯನ್ನು ಹಂಗಿಸದೆ, ‘ಮುಂದೇನು ಮಾಡೋಣ’ ಎಂದು ಕೇಳೋಣ. ಇಂಥ ಕಡೆ ದುಡಿಯುವ ಹೆಣ್ಣುಮಗಳು ನಮ್ಮ ಸಂಘದಲ್ಲಿದ್ದರೆ, ರಾತ್ರಿ ಪಾಳಿ ಮುಗಿಸಿ ಬಂದ ದಿನ ಆಕೆಯ ನೀರು-ನಿಡಿ ಕೆಲಸಕ್ಕೆ ಕೈಜೋಡಿಸೋಣ, ಮಲಗಲಿಕ್ಕೆ ಬಿಡೋಣ. ಮುಂದಿನ ಸಭೆಯಲ್ಲಿ ‘ಹೆಂಗದೀಯವ್ವಾ’ ಅಂತ ಮೊದಲು ಆಕೆಯನ್ನೇ ಕೇಳೋಣ.