ವಾಯುಗುಣವಿಜ್ಞಾನವೂ ಸ್ವದೇಶೀಯ ಸಂಶೋಧನೆಯೂ

|| ಶ್ರೀ ಗುರುಬಸವಲಿಂಗಾಯ ನಮಃ ||



ಮಠದ ಮಹೋತ್ಸವದಲ್ಲಿ ವಾಯುಗುಣದ ವಿಚಾರವೇಕೆ ಎಂಬ ಪ್ರಶ್ನೆಯು ಕೆಲವರ ಮನಸ್ಸಿನಲ್ಲಿ ಮೂಡುವುದು ಸಹಜವಾಗಿದೆ. ಧರ್ಮಬೋಧೆಯು ಮಠಕ್ಕೆ ಸೇರಿದ್ದು, ಮಳೆ ಬಿಸಿಲುಗಳ ಲೆಕ್ಕವು ವಿಜ್ಞಾನಿಗಳಿಗೆ ಸೇರಿದ್ದು ಎಂದು ಹೇಳುವವರೂ ಉಂಟು. ಆದರೆ ಮಳೆ ತಪ್ಪಿದ ವರ್ಷ ಮಠಕ್ಕೆ ಬರುವ ಕಾಳುಕಡಿ ಕಡಮೆಯಾಗುತ್ತದೆ. ಪ್ರಸಾದದ ಪಂಕ್ತಿಗೆ ಕುಳಿತುಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ. ದಾಸೋಹವನ್ನು ನಡೆಯಿಸುವವರಿಗೆ ಮಳೆಯ ಲೆಕ್ಕವು ಪರಕೀಯವಾದುದಲ್ಲ. ಇದಲ್ಲದೆ ಶರಣರು ಕೇಳಿದ ಮಾತನ್ನು ಅನುಭಾವದ ಒರೆಗಲ್ಲಿಗೆ ತಿಕ್ಕಿ ನೋಡದೆ ಒಪ್ಪಿದವರಲ್ಲ. ಆ ನಿಯಮವು ವ್ಯಕ್ತಿಗೆ ಸಲ್ಲುವಂತೆಯೇ ದೇಶಕ್ಕೂ ಸಲ್ಲುವುದು. ತನ್ನ ನೆಲ, ಜಲ, ಆಕಾಶಗಳ ಸ್ಥಿತಿಯನ್ನು ತಾನೇ ಅಳೆದು ಅರಿಯಲಾರದ ದೇಶವು ಅನ್ಯರ ಅಳತೆಗೆ ತಲೆಬಾಗಬೇಕಾಗುತ್ತದೆ ಎಂಬುದೇ ಈ ಉಪನ್ಯಾಸದ ಪ್ರತಿಪಾದ್ಯವಾಗಿದೆ.

ಮೊದಲು ವಿಷಯದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯಬೇಕು. ಒಂದು ದಿನದ ಮಳೆ, ಬಿಸಿಲು, ಗಾಳಿಗಳ ಸ್ಥಿತಿಗೆ ಹವೆಯೆಂದು ಹೆಸರು. ಹಲವು ದಶಕಗಳ ಹವೆಯ ಸರಾಸರಿ ನಡವಳಿಕೆಯೇ ವಾಯುಗುಣ. ಕಲ್ಲಿದ್ದಲು ಮತ್ತು ಖನಿಜತೈಲಗಳನ್ನು ಸುಡುವುದರಿಂದಲೂ ಅರಣ್ಯನಾಶದಿಂದಲೂ ಇಂಗಾಲದ ಡೈಆಕ್ಸೈಡೆಂಬ ಅನಿಲವು ವಾಯುಮಂಡಲದಲ್ಲಿ ಶೇಖರವಾಗುತ್ತಿದೆ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೨೮೦ ಭಾಗಗಳಷ್ಟಿದ್ದ ಅದು ಈಗ ೪೨೦ನ್ನು ಮೀರಿದೆ. ಭೂಮಿಯಿಂದ ಹೊರಹೊರಡುವ ಉಷ್ಣವನ್ನು ಈ ಅನಿಲವು ಕಂಬಳಿಯಂತೆ ತಡೆಯುವುದರಿಂದ ಲೋಕದ ತಾಪವು ಏರುತ್ತಿದೆ. ಭಾರತ ಸರ್ಕಾರದ ಭೂವಿಜ್ಞಾನ ಮಂತ್ರಾಲಯವು ೨೦೨೦ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ೧೯೦೧ರಿಂದ ೨೦೧೮ರವರೆಗೆ ಈ ದೇಶದ ಸರಾಸರಿ ಉಷ್ಣತೆಯು ಸುಮಾರು ೦.೭ ಡಿಗ್ರಿ ಸೆಂಟಿಗ್ರೇಡ್ ಹೆಚ್ಚಿದೆ; ೧೯೫೧ರಿಂದ ೨೦೧೫ರ ಅವಧಿಯಲ್ಲಿ ಮುಂಗಾರುಮಳೆಯು ನೂರಕ್ಕೆ ಆರರಷ್ಟು ಕುಗ್ಗಿದೆ. ಭಾರತದ ವಿಜ್ಞಾನಿಗಳೇ ತಮ್ಮ ದೇಶದ ವಾಯುಗುಣವನ್ನು ಕುರಿತು ಇಂಥ ಸಮಗ್ರವಾದ ನಿರೂಪಣೆಯನ್ನು ಬರೆಯುವ ಸ್ಥಿತಿಗೆ ಬರುವುದಕ್ಕೆ ದೀರ್ಘಕಾಲದ ತಪಸ್ಸು ಬೇಕಾಯಿತು.

ಮಳೆಯನ್ನು ಅಳೆಯುವ ಬುದ್ಧಿಯು ಈ ನಾಡಿಗೆ ಹೊಸದೇನೂ ಅಲ್ಲ. ಉಗ್ರಾಣದ ಮುಂದೆ ಮಳೆಯನ್ನಳೆಯುವ ಪಾತ್ರೆಯನ್ನಿರಿಸಬೇಕೆಂಬ ವಿಧಿಯು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ವೃಷ್ಟಿಲಕ್ಷಣಕ್ಕೂ ವೃಷ್ಟಿಮಾಪನಕ್ಕೂ ಅಧ್ಯಾಯಗಳನ್ನು ಮೀಸಲಿಟ್ಟಿರುವನು. ಆದರೆ ಊರೂರಿನಲ್ಲಿ ದಿನದಿನವೂ ಒಂದೇ ಕ್ರಮದಲ್ಲಿ ಅಳೆದು ಬರೆದಿಟ್ಟ ಲೆಕ್ಕವು ಪರಂಪರೆಯಾಗಿ ಉಳಿದು ಬರಲಿಲ್ಲ. ಅಂಥ ಕ್ರಮಬದ್ಧವಾದ ಕಾರ್ಯವು ದೇಶವ್ಯಾಪಿಯಾದದ್ದು ೧೮೭೫ರಲ್ಲಿ ಭಾರತ ಹವಾಮಾನ ಇಲಾಖೆಯು ಸ್ಥಾಪಿತವಾದ ಮೇಲೆಯೇ. ಅದರ ಮರುವರ್ಷವೇ ಧಾತು-ಈಶ್ವರ ಸಂವತ್ಸರಗಳ ಘೋರಕ್ಷಾಮವು ದಕ್ಷಿಣಾಪಥವನ್ನು ಆವರಿಸಿತು. ಮೈಸೂರು ಸಂಸ್ಥಾನದಲ್ಲಿ ೧೮೭೧ರ ಜನಗಣತಿಯಂತೆ ೫೦ ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷಕ್ಕೂ ಕೆಳಗಿಳಿದಿತ್ತು. ಮುಂಗಾರಿನ ಮುನ್ಸೂಚನೆಯು ಜೀವನ್ಮರಣದ ಪ್ರಶ್ನೆಯಾಗಿ ತೋರಿದ್ದು ಆಗಲೇ. ೧೯೦೪ರಲ್ಲಿ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರರು ಭಾರತೀಯ ಗುಮಾಸ್ತರ ಕೈಯಿಂದ ಲೋಕದ ನಾನಾ ಭಾಗಗಳ ಅಳತೆಗಳನ್ನು ಲೆಕ್ಕಹಾಕಿಸಿ, ಪೆಸಿಫಿಕ್ ಮಹಾಸಾಗರದ ವಾಯುಭಾರದ ಏರಿಳಿತಕ್ಕೂ ಭಾರತದ ಮಳೆಗೂ ಸಂಬಂಧವುಂಟೆಂದು ತೋರಿಸಿಕೊಟ್ಟರು. ಆ ಲೆಕ್ಕದ ಶ್ರಮವು ಬಹುಮಟ್ಟಿಗೆ ಈ ದೇಶದವರದು. ಆದರೆ ಇಲಾಖೆಯ ಮುಖ್ಯಪದವಿಯು ಭಾರತೀಯರೊಬ್ಬರಿಗೆ, ಎಸ್. ಕೆ. ಬ್ಯಾನರ್ಜಿಯವರಿಗೆ, ದೊರೆತದ್ದು ೧೯೪೪ರಲ್ಲಿ.

ಸ್ವಾತಂತ್ರ್ಯ ಬಂದಾಗ ಇಲಾಖೆಯು ತನ್ನ ಉಪಕರಣಗಳಿಗಾಗಿ ಹೊರದೇಶವನ್ನು ನೆಚ್ಚಿಕೊಂಡಿತ್ತು. ಈ ಪರಾಧೀನತೆಯನ್ನು ನೀಗಿಸುವುದಕ್ಕೆ ದುಡಿದವರಲ್ಲಿ ಅಣ್ಣಾ ಮಣಿಯವರ ಹೆಸರು ಪ್ರಾತಃಸ್ಮರಣೀಯವಾಗಿದೆ. ೧೯೧೮ರಲ್ಲಿ ತಿರುವಾಂಕೂರು ಸೀಮೆಯಲ್ಲಿ ಜನಿಸಿದ ಈ ಮಹನೀಯರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಬಳಿ ವಜ್ರ ಮಾಣಿಕ್ಯಗಳ ಪ್ರಭಾಗುಣವನ್ನು ಅಭ್ಯಸಿಸಿ, ೧೯೪೫ರಲ್ಲಿ ಇಂಗ್ಲೆಂಡಿಗೆ ತೆರಳಿ ಹವಾಮಾಪಕ ಉಪಕರಣಗಳ ವಿದ್ಯೆಯನ್ನು ಕಲಿತರು. ೧೯೪೮ರಲ್ಲಿ ಮರಳಿ ಬಂದು ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಸುಮಾರು ನೂರು ಬಗೆಯ ಉಪಕರಣಗಳಿಗೆ ಪ್ರಮಾಣಬದ್ಧವಾದ ನಕ್ಷೆಗಳನ್ನು ಸಿದ್ಧಗೊಳಿಸಿ, ಅವು ಸ್ವದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. ಅಳತೆಗೋಲೇ ಸೊಟ್ಟಾಗಿದ್ದರೆ ಶತಮಾನದ ದಫ್ತರವೂ ವ್ಯರ್ಥವೆಂದು ಬಲ್ಲ ಅವರ ಕಾಯಕವು ಮೂಲೆಯಲ್ಲಿ ನಡೆದ ಮೌನಕಾಯಕ. ಮುಂದಿನ ಸಂಶೋಧನೆಯೆಲ್ಲವೂ ಇಂಥ ತಳಪಾಯದ ಮೇಲೆ ನಿಂತಿದೆ.

ಸ್ವಂತ ಅಳತೆಯಿಲ್ಲದಿದ್ದರೆ ಆಗುವ ಹಾನಿಯೇನೆಂಬುದನ್ನು ಭತ್ತದ ಗದ್ದೆಯ ಪ್ರಸಂಗವೊಂದು ಸ್ಪಷ್ಟಪಡಿಸುತ್ತದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಪ್ರಾಣವಾಯು ದೊರೆಯದೆ, ಸೂಕ್ಷ್ಮಜೀವಿಗಳು ಕೊಳೆತ ಪದಾರ್ಥದಿಂದ ಮೀಥೇನೆಂಬ ಅನಿಲವನ್ನು ಹುಟ್ಟಿಸುತ್ತವೆ. ಅದೂ ಭೂಮಿಯ ತಾಪವನ್ನೇರಿಸತಕ್ಕದ್ದು. ೧೯೯೦ರ ಸುಮಾರಿಗೆ ಅಮೆರಿಕೆಯ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಭಾರತದ ಗದ್ದೆಗಳಿಂದ ವರ್ಷಕ್ಕೆ ೩ ಕೋಟಿ ೭೦ ಲಕ್ಷ ಟನ್ನಿಗೂ ಹೆಚ್ಚು ಮೀಥೇನ್ ಹೊರಡುತ್ತಿತ್ತು. ಇಂಥ ಅಂದಾಜುಗಳ ಆಧಾರವು ಯೂರೋಪು, ಅಮೆರಿಕೆಗಳ ಗದ್ದೆಗಳಲ್ಲಿ ಮಾಡಿದ ಅಳತೆ. ಆ ಗದ್ದೆಗಳಲ್ಲಿ ನೀರು ಸದಾ ನಿಲ್ಲುವುದು, ಮಣ್ಣಿನಲ್ಲಿ ಸಾವಯವಾಂಶವು ಅಧಿಕ. ಭಾರತದಲ್ಲಿಯಾದರೋ ಬಹುಪಾಲು ಗದ್ದೆಗಳು ಮಳೆಯನ್ನು ನೆಚ್ಚಿದವು, ನಡುನಡುವೆ ಆರಿ ಬಿರಿಯುವಂಥವು, ಸಾವಯವಾಂಶವು ಅಲ್ಪವಾಗಿರುವಂಥವು. ಆಗ ಡಾಕ್ಟರ್ ಎ. ಪಿ. ಮಿತ್ರರ ಮುಂದಾಳುತನದಲ್ಲಿ ದೆಹಲಿಯ ರಾಷ್ಟ್ರೀಯ ಭೌತವಿಜ್ಞಾನ ಪ್ರಯೋಗಾಲಯವೂ ದೇಶದ ಇತರ ಹಲವು ಸಂಶೋಧನಾಲಯಗಳೂ ಒಟ್ಟುಗೂಡಿದವು. ೧೯೯೧ರಲ್ಲಿ ನಾನಾ ಪ್ರಾಂತಗಳ ಗದ್ದೆಗಳಿಗಿಳಿದು, ಪೈರಿನ ಮೇಲೆ ಪಾರದರ್ಶಕವಾದ ಪೆಟ್ಟಿಗೆಗಳನ್ನು ಕವಿಚಿ, ಅದರೊಳಗೆ ಕೂಡಿದ ಅನಿಲವನ್ನು ಹೊತ್ತುಹೊತ್ತಿಗೆ ತೆಗೆದು ಪರೀಕ್ಷಿಸಿದರು. ಸಿಕ್ಕಿದ ಫಲಿತಾಂಶವು ವರ್ಷಕ್ಕೆ ಸುಮಾರು ೪೦ ಲಕ್ಷ ಟನ್ನು, ಎಂದರೆ ಮೊದಲಿನ ಅಂದಾಜಿನ ಸುಮಾರು ಹತ್ತರಲ್ಲೊಂದು ಪಾಲು.

ಆ ಪೆಟ್ಟಿಗೆಗಳು ಗದ್ದೆಗೆ ಇಳಿಯದೆ ಹೋಗಿದ್ದರೆ, ಲೋಕದ ತಾಪಕ್ಕೆ ಕಾರಣರಾದವರ ಪಟ್ಟಿಯಲ್ಲಿ ಭಾರತದ ಬಡರೈತನ ಹೆಸರು ಹತ್ತುಪಟ್ಟು ದೊಡ್ಡ ಅಕ್ಷರಗಳಲ್ಲಿ ಇರುತ್ತಿತ್ತು. ೧೯೯೨ರಲ್ಲಿ ರಿಯೊ ಡಿ ಜನೈರೊ ನಗರದಲ್ಲಿ ದೇಶಗಳು ಕೂಡಿ ವಾಯುಗುಣದ ಒಡಂಬಡಿಕೆಗೆ ಸಹಿಹಾಕುವ ಹೊತ್ತಿಗೆ ಈ ಲೆಕ್ಕವು ಭಾರತದ ಕೈಯಲ್ಲಿದ್ದದ್ದು ಸಣ್ಣ ಸಂಗತಿಯಲ್ಲ. ಮುಂದುವರಿಯುತ್ತಿರುವ ದೇಶಗಳ ಸ್ವಂತ ಸಂಶೋಧನಾಸಾಮರ್ಥ್ಯವನ್ನು ಬೆಳೆಯಿಸಲು ಎಲ್ಲರೂ ಸಹಕರಿಸಬೇಕೆಂದು ಆ ಒಡಂಬಡಿಕೆಯ ಐದನೆಯ ಅನುಚ್ಛೇದವೇ ವಿಧಿಸಿದೆ.

ಹಾಗೆಂದು ತಪ್ಪೆಲ್ಲವೂ ಪಶ್ಚಿಮದವರದು, ಸತ್ಯವೆಲ್ಲವೂ ಸ್ವದೇಶದ್ದು ಎಂದು ಭಾವಿಸುವುದು ಅವಿವೇಕ. ೨೦೦೭ರಲ್ಲಿ ವಾಯುಗುಣದ ಅಂತರರಾಷ್ಟ್ರೀಯ ಮಂಡಲಿಯ ವರದಿಯೊಳಗೆ, ಹಿಮಾಲಯದ ಹಿಮನದಿಗಳು ೨೦೩೫ರೊಳಗೆ ಕರಗಿ ಹೋಗಬಹುದೆಂಬ ಒಂದು ವಾಕ್ಯವು ಸೇರಿಕೊಂಡಿತು. ಅದರ ಮೂಲವನ್ನು ಹುಡುಕಿದಾಗ ದೊರೆತದ್ದು ಜನಪ್ರಿಯ ಪತ್ರಿಕೆಯಲ್ಲಿ ಅಚ್ಚಾದ ಒಂದು ಹೇಳಿಕೆ, ಅದೂ ಭಾರತೀಯ ತಜ್ಞರೊಬ್ಬರದು. ಭಾರತದ ಹಿಮನದಿಗಳನ್ನು ದೀರ್ಘಕಾಲ ಬಲ್ಲ ವಿ. ಕೆ. ರೈನಾರವರು ೨೦೦೯ರಲ್ಲಿ ಬೇರೆಯ ಚಿತ್ರವನ್ನು ಮುಂದಿಟ್ಟರು. ೨೦೧೦ರಲ್ಲಿ ಮಂಡಲಿಯು ಆ ವಾಕ್ಯವು ಆಧಾರಹೀನವೆಂದು ಒಪ್ಪಿಕೊಂಡಿತು. ಹಿಮನದಿಗಳು ಕುಗ್ಗುತ್ತಿರುವುದು ನಿಜ. ಆ ಕಾಲಾವಧಿಯು ಸುಳ್ಳು. ಸಾವಿರಾರು ಹಿಮನದಿಗಳ ಪೈಕಿ ವರ್ಷವರ್ಷವೂ ಹತ್ತಿ ಅಳೆಯಲ್ಪಡುತ್ತಿದ್ದವು ಬೆರಳೆಣಿಕೆಯಷ್ಟು ಮಾತ್ರವಾಗಿದ್ದುದರಿಂದ ಬಾಯಿಮಾತು ಪ್ರಮಾಣದ ಪೀಠವನ್ನೇರಿತು. ಪ್ರತ್ಯಕ್ಷವು ಇಲ್ಲದ ಕಡೆ ಗಾಳಿಮಾತೇ ಶಬ್ದಪ್ರಮಾಣವಾಗುವುದೆಂಬ ಎಚ್ಚರಿಕೆಯು ಇದರಲ್ಲಿದೆ.

ಅಳತೆಯ ತರುವಾಯ ಬರುವುದು ವಿಚಾರ, ಎಂದರೆ ಕಾರಣವನ್ನು ಅರಿಯುವುದು. ಸುಲೋಚನಾ ಗಾಡಗೀಳರು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪಾಂಡಿತ್ಯವನ್ನು ಗಳಿಸಿ, ೧೯೭೧ರಲ್ಲಿ ಸ್ವದೇಶಕ್ಕೆ ಮರಳಿ, ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಸಿದರು. ಅವರೂ ಪುಣೆಯ ಡಿ. ಆರ್. ಸಿಕ್ಕಾರವರೂ ೧೯೮೦ರಲ್ಲಿ ಉಪಗ್ರಹಚಿತ್ರಗಳ ಆಧಾರದಿಂದ ಮುಂಗಾರಿನ ಮೋಡದ ಪಟ್ಟಿಯ ಚಲನೆಯನ್ನು ನಿರೂಪಿಸಿದರು. ಮುಂಗಾರು ಕೇವಲ ಕಡಲು-ನೆಲಗಳ ಕಾವಿನ ಭೇದದಿಂದ ಹುಟ್ಟುವ ಗಾಳಿಯಲ್ಲ, ಭೂಮಧ್ಯರೇಖೆಯ ಬಳಿಯ ಮಹಾಮೇಘಪಟ್ಟಿಯೇ ಋತುವನ್ನನುಸರಿಸಿ ಉತ್ತರಕ್ಕೆ ಸರಿದು ಬರುವುದು ಎಂಬ ತತ್ತ್ವವು ಇದರಿಂದ ದೃಢವಾಯಿತು. ಅದೇ ವಿದುಷಿಯು ಪಾವಗಡ, ಅನಂತಪುರ ಸೀಮೆಯ ಶೇಂಗಾ ಬೆಳೆಯುವ ರೈತರನ್ನು ಕಂಡು, ಅವರ ಅನುಭವವನ್ನೂ ಹಳೆಯ ಮಳೆಲೆಕ್ಕಗಳನ್ನೂ ಒಂದುಗೂಡಿಸಿ, ಯಾವ ಕಾಲದಲ್ಲಿ ಬಿತ್ತಿದರೆ ನಷ್ಟದ ಭಯವು ಕಡಮೆಯೆಂಬುದನ್ನು ಶೋಧಿಸಿದರು. ಉಪಗ್ರಹದ ಚಿತ್ರವನ್ನು ನೋಡಿದ ಕಣ್ಣೇ ಹೊಲದ ಸಾಲನ್ನೂ ನೋಡಿತು. ಇಂಥ ಪ್ರಶ್ನೆಯು ದೂರದೇಶದ ಸಂಶೋಧನಾಲಯದಲ್ಲಿ ಹುಟ್ಟುವುದು ಕಷ್ಟ. ಬಿತ್ತನೆಯ ಚಿಂತೆಯು ತಟ್ಟುವ ಊರಿನ ನೆರೆಯಲ್ಲಿಯೇ ಅದು ಹುಟ್ಟತಕ್ಕದ್ದು.

ಮುಂದಿನ ಶತಮಾನದ ವಾಯುಗುಣವನ್ನು ಗಣಿಸುವುದಕ್ಕೆ ಮಹಾಗಣಕಯಂತ್ರಗಳು ಬೇಕು. ೧೯೮೦ರ ದಶಕದಲ್ಲಿ ಭಾರತವು ಹವಾಮುನ್ಸೂಚನೆಗಾಗಿ ಅಮೆರಿಕೆಯಿಂದ ಕ್ರೇ ಎಂಬ ಗಣಕವನ್ನು ಕೊಳ್ಳಬೇಕೆಂದಾಗ, ಕೇಳಿದ್ದಕ್ಕಿಂತ ಕಡಮೆ ಶಕ್ತಿಯ ಯಂತ್ರವು ನಿರ್ಬಂಧಗಳೊಡನೆ ದೊರೆಯಿತು. ೧೯೮೮ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ೧೯೯೧ರಲ್ಲಿ ಪರಮ್ ಎಂಬ ಸ್ವದೇಶೀಯ ಮಹಾಗಣಕವನ್ನು ನಿರ್ಮಿಸಿತು. ೧೯೬೨ರಲ್ಲಿ ಸ್ಥಾಪಿತವಾದ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ೨೦೦೯ರಲ್ಲಿ ವಾಯುಗುಣ ಪರಿವರ್ತನೆಯ ಸಂಶೋಧನಾ ಕೇಂದ್ರವು ಆರಂಭವಾಯಿತು. ಅಲ್ಲಿನ ತರುಣರು ಅಮೆರಿಕೆಯವರ ಒಂದು ಗಣಿತಮಾದರಿಯನ್ನು ತೆಗೆದುಕೊಂಡು, ಮುಂಗಾರಿಗೂ ಹಿಂದೂಮಹಾಸಾಗರಕ್ಕೂ ಹೊಂದುವಂತೆ ಅದನ್ನು ವರ್ಷಗಟ್ಟಲೆ ತಿದ್ದಿ, ಭೂವ್ಯವಸ್ಥೆಯ ಸಂಪೂರ್ಣ ಮಾದರಿಯನ್ನಾಗಿಸಿದರು. ೨೦೨೧ರಲ್ಲಿ ಅಂತರರಾಷ್ಟ್ರೀಯ ಮಂಡಲಿಯ ಆರನೆಯ ವರದಿಗೆ ಆಧಾರವಾದ ಮಾದರಿಗಳ ಸಾಲಿನಲ್ಲಿ ದಕ್ಷಿಣ ಏಷ್ಯದಿಂದ ಮೊದಲಬಾರಿಗೆ ಸೇರಿದ್ದು ಇದೇ. ಪರರಿಂದ ಕಲಿಯುವುದರಲ್ಲಿ ಅವಮಾನವಿಲ್ಲ. ಕಲಿತದ್ದನ್ನು ತನ್ನದಾಗಿಸಿಕೊಳ್ಳದಿರುವುದೇ ಕೊರತೆ.

ಇತರ ದೇಶಗಳ ಅನುಭವವೂ ಇದನ್ನೇ ಸಾರುತ್ತದೆ. ಬಾಂಗ್ಲಾದೇಶದಲ್ಲಿ ಸಲೀಮುಲ್ ಹಕ್ಕರು ೨೦೦೯ರಲ್ಲಿ ಢಾಕಾ ನಗರದಲ್ಲಿ ಸಂಶೋಧನಾಕೇಂದ್ರವನ್ನು ಸ್ಥಾಪಿಸಿ, ನೆರೆ ಚಂಡಮಾರುತಗಳಿಗೆ ತುತ್ತಾಗುವ ಬಡದೇಶಗಳ ವಿದ್ವಾಂಸರಿಗೆ ನೆಲೆಯನ್ನೊದಗಿಸಿದರು. ಬ್ರೆಜಿಲ್ ದೇಶದ ಅಂತರಿಕ್ಷ ಸಂಶೋಧನಾ ಸಂಸ್ಥೆಯು ೧೯೮೮ರಿಂದ ಅಮೆಜಾನ್ ಅರಣ್ಯನಾಶವನ್ನು ಉಪಗ್ರಹಗಳ ಮೂಲಕ ಅಳೆದು ಬಹಿರಂಗಪಡಿಸುತ್ತ ಬಂದಿದೆ. ೨೦೧೯ರಲ್ಲಿ ಆ ಅಂಕಿಗಳು ದೇಶದ ಅಧ್ಯಕ್ಷರಿಗೇ ಅಪ್ರಿಯವಾಗಿ, ಸಂಸ್ಥೆಯ ನಿರ್ದೇಶಕರಾದ ರಿಕಾರ್ಡೊ ಗಾಲ್ವಾವೊ ಅವರು ಪದವಿಯನ್ನು ಕಳೆದುಕೊಂಡರು. ಆದರೂ ಅಳತೆಯು ನಿಲ್ಲಲಿಲ್ಲ. ಆದುದರಿಂದ ಉಪಕರಣ, ಗಣಕ, ದ್ರವ್ಯಗಳಷ್ಟೇ ಸಾಲವು. ಕಂಡದ್ದನ್ನು ಕಂಡಂತೆ ನುಡಿಯುವ ಧೈರ್ಯವೂ, ನುಡಿದವರನ್ನು ಕಾಯುವ ಸಮಾಜವೂ ಬೇಕು. ಬಿಜ್ಜಳನ ಕಲ್ಯಾಣದಲ್ಲಿ ಶರಣರು ಪಟ್ಟ ಪಾಡನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಇನ್ನು ಭಕ್ತರ ಕರ್ತವ್ಯವೇನು? ಕರ್ನಾಟಕದಲ್ಲಿ ೧೯೮೮ರಲ್ಲಿ ಬರಗಾಲದ ನಿರೀಕ್ಷಣೆಗೆಂದು ಆರಂಭವಾದ ಘಟಕವು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಅವು ಹೊಲದ ಅಂಚಿನಲ್ಲಿ ನಿಂತ ಸಮಾಜದ ಕಣ್ಣುಗಳು. ಅವುಗಳ ಸುತ್ತ ಗಿಡ ಬೆಳೆಯದಂತೆ, ದನ ನುಗ್ಗದಂತೆ, ಕಿಡಿಗೇಡಿಗಳು ಕೆಡಿಸದಂತೆ ಕಾಯುವುದು ಗ್ರಾಮಸ್ಥರ ಕಾಯಕವಾಗಬೇಕು. ಮಠದ ಶಾಲೆಗಳಲ್ಲಿ ಒಂದೊಂದು ಮಳೆಮಾಪಕವನ್ನಿಟ್ಟು, ರೋಹಿಣಿಯಿಂದ ಸ್ವಾತಿಯವರೆಗಿನ ಪ್ರತಿಯೊಂದು ಮಳೆಯ ಪ್ರಮಾಣವನ್ನು ವಿದ್ಯಾರ್ಥಿಗಳೇ ಪುಸ್ತಕದಲ್ಲಿ ಬರೆದಿಡುವಂತೆ ಮಾಡಬಹುದು. ಐವತ್ತು ವರ್ಷ ತಪ್ಪದೆ ಬರೆದ ಆ ಪುಸ್ತಕವು ತಾಳೆಗರಿಯ ಕಟ್ಟಿನಷ್ಟೇ ಪೂಜ್ಯವಾದೀತು.

ಇದಕ್ಕಿಂತ ಹಿರಿದಾದ ಕಾರ್ಯವು ಮನುಷ್ಯರನ್ನು ಸಿದ್ಧಗೊಳಿಸುವುದು. ವಾಯುಗುಣದ ಸಂಶೋಧಕನು ಐದಾರು ವರ್ಷಗಳ ಓದಿನಿಂದ ಸಿದ್ಧನಾಗುವವನಲ್ಲ. ಗಣಿತ ಭೌತಶಾಸ್ತ್ರಗಳಲ್ಲಿ ಪಳಗಿ, ಫಲವು ಕಾಣದ ವರ್ಷಗಳನ್ನು ತಾಳ್ಮೆಯಿಂದ ಕಳೆಯಬೇಕಾದವನು. ಬಡ ಒಕ್ಕಲಿನ ಮನೆಯ ಜಾಣಮಕ್ಕಳು ಸಂಪಾದನೆಯ ಅವಸರದಿಂದ ಈ ದಾರಿಯನ್ನು ಬಿಟ್ಟುಹೋಗುವರು. ಪ್ರಸಾದನಿಲಯಗಳ ಮೂಲಕ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದ ಮಠಗಳು, ವೈದ್ಯರನ್ನೂ ಯಂತ್ರಶಿಲ್ಪಿಗಳನ್ನೂ ಬೆಳೆಸಿದಂತೆ, ಇಂಥ ಶುದ್ಧವಿಜ್ಞಾನದ ಸಾಧಕರಿಗೂ ದೀರ್ಘಕಾಲದ ವೇತನವನ್ನೊದಗಿಸಿದರೆ ಅದು ನಿಜವಾದ ಜ್ಞಾನದಾಸೋಹವೆನಿಸುವುದು. ಬಯಲುಸೀಮೆಯ ಹಳ್ಳಿಯ ಬಾಲಿಕೆಯೊಬ್ಬಳು ಬೆಳೆದು, ತನ್ನ ಊರಿನ ಮಳೆ ಏಕೆ ತಪ್ಪಿತೆಂಬುದನ್ನು ಲೋಕದ ವಿದ್ವತ್ಸಭೆಯಲ್ಲಿ ಪ್ರಮಾಣಸಹಿತವಾಗಿ ನಿರೂಪಿಸುವಂತಾದರೆ, ಆ ಸಾಧನೆಯಲ್ಲಿ ಅವಳಿಗೆ ಅನ್ನವಿಕ್ಕಿದ ಮಠದ ಪಾಲೂ ಇರುವುದು.

ಸ್ವಂತ ಕಣ್ಣಿನಿಂದ ಕಾಣುವ, ಸ್ವಂತ ಕೈಯಿಂದ ಅಳೆಯುವ, ಅಳೆದದ್ದನ್ನು ಸಕಲ ಲೋಕದೊಡನೆ ಹಂಚಿಕೊಳ್ಳುವ ಸಾಮರ್ಥ್ಯವು ಈ ನಾಡಿಗೂ, ಇಂಥದೇ ಕಷ್ಟದಲ್ಲಿರುವ ಎಲ್ಲ ನಾಡುಗಳಿಗೂ ಲಭಿಸಲಿ. ಶ್ರೀಗುರುಕೃಪೆಯಿಂದ ಕಾಲಕಾಲಕ್ಕೆ ಮಳೆಯಾಗಲಿ. ಅರಿವು ಆಚಾರಗಳು ಜೊತೆಗೂಡಿ ನಡೆಯಲಿ. ದಾಸೋಹವು ಎಡೆಬಿಡದೆ ಸಾಗಲಿ.