ಸೂಜಿ ಲೆಕ್ಕ

ಕೈದಿಗಳು ಹೊಲಿದ ಬಟ್ಟೆಯ ಈ ಮಳಿಗೆಗೆ ದೀಪ ಹಚ್ಚಿ ನಾಲ್ಕು ಮಾತಾಡಿ ಅಂದರು. ದೀಪ ಹತ್ತಿದೆ. ದಯವಿಟ್ಟು ಆ ಫ್ಯಾನ್ ಸ್ವಲ್ಪ ಆಚೆ ತಿರುಗಿಸಿ.

ಕಾರಾಗೃಹ ಸುಧಾರಣೆ ಬಗ್ಗೆ ಉಪನ್ಯಾಸ ಕೊಡುವಷ್ಟು ಓದಿದವನಲ್ಲ ನಾನು. ದರ್ಜಿ. ಮೂವತ್ತು ವರ್ಷದಿಂದ ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಸಿ ಮಾರುತ್ತಿದ್ದೇನೆ. ಆದರೂ ಇಷ್ಟು ಬಲ್ಲೆ, ಜೈಲಿನ ದುಡಿಮೆಗೆ ಹಳೆಯ ಚರಿತ್ರೆಯಿದೆ. ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ವಾಟರ್‌ಲೂ ಚೇಂಬರ್‌ಗೆ ಹಾಸಿರುವ ಒಂದೇ ತುಂಡಿನ ಭಾರಿ ರತ್ನಗಂಬಳಿಯನ್ನು ವಿಕ್ಟೋರಿಯಾ ರಾಣಿಗಾಗಿ ನೇಯ್ದವರು ಆಗ್ರಾ ಜೈಲಿನ ಕೈದಿಗಳು. 1992ರಲ್ಲಿ ಅರಮನೆಗೆ ಬೆಂಕಿ ಬಿದ್ದಾಗ ಅದನ್ನು ಸುತ್ತಿ ಎತ್ತಲು ಐವತ್ತು ಸೈನಿಕರು ಬೇಕಾದರಂತೆ. ಚರಿತ್ರೆ ಇಷ್ಟು ಸಾಕು.

ಕೆಲವು ವರ್ಷಗಳ ಹಿಂದೆ ಒಂದು ಜೈಲಿನ ಹೊಲಿಗೆ ವಿಭಾಗಕ್ಕೆ ನಾನು ಬಟ್ಟೆ ಕತ್ತರಿಸಿ ಕಳಿಸುತ್ತಿದ್ದೆ. ಅಲ್ಲಿ ಕತ್ತರಿಗೆ ಸರಪಳಿ, ಸೂಜಿಗೆ ಲೆಕ್ಕ. ಬೆಳಿಗ್ಗೆ ಎಣಿಸಿ ಕೊಟ್ಟದ್ದನ್ನು ಸಂಜೆ ಎಣಿಸಿ ತಗೊಳ್ಳಬೇಕು, ಮುರಿದರೆ ಎರಡು ತುಂಡೂ ಬರಬೇಕು. ಲೆಕ್ಕ ಇಡುತ್ತಿದ್ದವನೂ ಒಬ್ಬ ಶಿಕ್ಷಾಬಂದಿಯೇ. ಕಾಜಾ ಹೊಲಿದನೆಂದರೆ ಬಟ್ಟೆಯ ಮೇಲ್ಮೈ ಯಾವುದು, ಒಳಮೈ ಯಾವುದು ಅಂತ ನನಗೂ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ನಾನೂ ಅಲ್ಲಿದ್ದಾಗ ಒಂದು ಸೂಜಿ ಕಡಿಮೆ ಬಂತು. ಬಾಗಿಲು ಹಾಕಿದರು. ಎಲ್ಲರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿ ಜೇಬು, ಮಡಿಕೆ, ಚಪ್ಪಲಿ ತಡಕಿದರು. ನೆಲ ಗುಡಿಸಿ ಕಸದ ಮೇಲೆ ಅಯಸ್ಕಾಂತ ಆಡಿಸಿದರು. ಮುಕ್ಕಾಲು ಗಂಟೆಯಾದ ಮೇಲೆ ಆ ಲೆಕ್ಕದವನು ನನ್ನ ಹತ್ತಿರ ಬಂದು ಮೆಲ್ಲಗೆ, “ಸಾರ್, ನಿಮ್ಮ ಕಾಲರ್” ಅಂದ. ದರ್ಜಿಯ ಚಾಳಿ ನೋಡಿ, ದಾರ ಕಡಿದು ಸೂಜಿಯನ್ನು ನನ್ನ ಅಂಗಿಗೇ ಚುಚ್ಚಿಕೊಂಡಿದ್ದೆ. ಅಷ್ಟು ಹೊತ್ತೂ ನನ್ನನ್ನು ಯಾರೂ ತಡಕಿರಲಿಲ್ಲ.

ಕೈದಿಗಳ ಕೂಲಿ ಈಗ ವಾಸಿ. ಕಠಿಣ ಸಜೆಯವರಿಂದ ಕೆಲಸ ಮಾಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಿ, ಅದರಲ್ಲೊಂದು ಪಾಲು ಅಪರಾಧದಿಂದ ನೊಂದವರಿಗೆ ಹೋಗಲಿ ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿತು. ನಮ್ಮ ರಾಜ್ಯದಲ್ಲಿ ಹೊಸಬನಿಗೂ ದಿನಕ್ಕೆ 524 ರೂಪಾಯಿ ಗೊತ್ತುಮಾಡಿದ್ದಾರೆ. ಸಂತೋಷ.

ನನ್ನ ತಕರಾರು ಗೇಟಿನಾಚೆಯದು. ಗೋಡೆಯೊಳಕ್ಕೆ ಬಟ್ಟೆ ಕಳಿಸಲು ನಮ್ಮ ವರ್ತಕರಿಗೆ ಏನೂ ಕಷ್ಟವಿಲ್ಲ. ಅಲ್ಲಿ ಬಾಡಿಗೆಯಿಲ್ಲ, “ನಾಳೆ ಮದುವೆಗೆ ಹೋಗ್ಬೇಕು ಸಾರ್” ಅನ್ನುವವರಿಲ್ಲ. ಲಾಭವಿದೆ, ಸುಳ್ಳೇಕೆ. ಅದೇ ಕೈ ಹೊರಗೆ ಬಂದು ಕೆಲಸ ಕೇಳಿದರೆ? ಜೈಲಿನ ಮೊಹರು ಬಿದ್ದ ಅನುಭವ ಪತ್ರವನ್ನು ಅವನು ಯಾರಿಗೆ ತೋರಿಸಬೇಕು? ಅಧಿಕಾರಿಗಳೇ, ಆ ಪತ್ರವನ್ನು ಕೆಲಸ ಕೊಟ್ಟ ಅಂಗಡಿಯವನ ಲೆಟರ್‌ಹೆಡ್‌ನಲ್ಲಿ ಬರೆಸಿ. ಒಳಗೆ ಹತ್ತು ಜನರಿಂದ ಹೊಲಿಸಿಕೊಂಡವನು ಹೊರಗೆ ಒಬ್ಬನಿಗಾದರೂ ಮೆಷಿನ್ ಕೊಡಬೇಕೆಂದು ಒಪ್ಪಂದದಲ್ಲೇ ಸೇರಿಸಿ.

ಹೇಳುವುದಕ್ಕೆ ನಾನು ಯಾರು ಅಂತ ಕೇಳಬಹುದು. ಆ ಲೆಕ್ಕದವನು ಬಿಡುಗಡೆಯಾಗಿ ನನ್ನ ಅಂಗಡಿಗೇ ಬಂದಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಹೊಲಿದು ತಂದ ಒಂದು ಅಂಗಿ. ಜೂನ್ ತಿಂಗಳು, ಅಂಗಡಿ ತುಂಬ ಮಕ್ಕಳು, ತಾಯಂದಿರು. “ಸೋಮವಾರ ಬಾ, ನೋಡೋಣ” ಅಂದೆ. ಅಂಗಿಯನ್ನು ನಾನು ಬಿಚ್ಚಿಯೂ ನೋಡಲಿಲ್ಲ. ಸೋಮವಾರ ಅವನು ಬರಲಿಲ್ಲ. ಯಾವ ಊರು ಅಂತಲೂ ನಾನು ಕೇಳಿರಲಿಲ್ಲ.

ಎರಡನೇ ಮೇಜಿನ ಮೇಲೆ ಮಕ್ಕಳ ಅಂಗಿಗಳಿವೆ. ಕಾಜಾ ತಿರುಗಿಸಿ ನೋಡಿ. ಚೌಕಾಸಿ ಬೇಡ. ಮಳಿಗೆ ತೆರೆದಿದೆ, ಬನ್ನಿ.