ಮಣಿಕಟ್ಟಿನ ವೇಳೆ

ದೆಹಲಿಯ ಧೋಲ್‌ಪುರ್ ಹೌಸ್‌ನಲ್ಲಿರುವ ಕೇಂದ್ರ ಲೋಕಸೇವಾ ಆಯೋಗವು ತನ್ನ ಪರೀಕ್ಷಾ ಕೊಠಡಿಗಳಲ್ಲಿ ಮೊಬೈಲ್ ಫೋನನ್ನೂ ಸ್ಮಾರ್ಟ್ ವಾಚನ್ನೂ ನಿಷೇಧಿಸಿ, ಸಾದಾ ಕೈಗಡಿಯಾರಕ್ಕೆ ಅನುಮತಿ ನೀಡಿರುವುದನ್ನು ಗಮನಿಸಿದರೆ, ವೇಳೆ ತೋರಿಸುವುದರ ಹೊರತು ಬೇರೇನನ್ನೂ ಮಾಡಲಾರದಿರುವುದೇ ಈ ಸಾಧನದ ಅರ್ಹತೆಯಾಗಿರುವುದು ತಿಳಿಯುತ್ತದೆ.

ನಿಖರತೆಯಲ್ಲಿ ಅದು ಹಿಂದುಳಿದಿರುವುದು ನಿಜ. ಭಾರತೀಯ ಪ್ರಮಾಣ ಕಾಲವನ್ನು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಅಧಿಕೃತ ವೇಳೆಯನ್ನು, ಅದೇ ನಗರದ ರಾಷ್ಟ್ರೀಯ ಭೌತ ಪ್ರಯೋಗಾಲಯವು ಸೀಸಿಯಂ ಪರಮಾಣು ಗಡಿಯಾರಗಳ ನೆರವಿನಿಂದ ಕಾಯ್ದುಕೊಂಡು ಬರುತ್ತಿದೆ. ಮೊಬೈಲು ಜಾಲದ ಮೂಲಕ ತನ್ನ ವೇಳೆಯನ್ನು ಆಗಾಗ ತಿದ್ದಿಕೊಳ್ಳುತ್ತದೆ. ಕ್ವಾರ್ಟ್ಸ್ ವಾಚಾದರೋ ಸೆಕೆಂಡಿಗೆ 32,768 ಬಾರಿ ಕಂಪಿಸುವ ಪುಟ್ಟ ಹರಳೊಂದನ್ನೇ ನಂಬಿಕೊಂಡು ತಿಂಗಳಿಗೆ ಕೆಲವು ಸೆಕೆಂಡು ತಪ್ಪುತ್ತದೆ, ಕೀ ಕೊಡುವ ಹಳೆಯ ವಾಚು ದಿನವೊಂದರಲ್ಲೇ ಅಷ್ಟು ತಪ್ಪೀತು. ಆದರೂ ಉತ್ತರ ಬರೆಯುತ್ತಲೇ ಓರೆಗಣ್ಣಿನಲ್ಲಿ ಉಳಿದ ಅವಧಿಯನ್ನು ಅಳೆಯಬೇಕಾದ ಪರೀಕ್ಷಾರ್ಥಿಗೆ, ಅಂಕಿ ಓದುವ ಶ್ರಮವಿಲ್ಲದೆ ಅದನ್ನು ತಿಳಿಸುವುದು ಎರಡು ಮುಳ್ಳುಗಳ ನಡುವಿನ ಕೋನ. ವೇಳೆ ನೋಡಲೆಂದು ಫೋನು ತೆಗೆದವರು ಸಂದೇಶಗಳಲ್ಲಿ ಮುಳುಗಿ, ವೇಳೆಯನ್ನೇ ನೋಡದೆ ಅದನ್ನು ಮತ್ತೆ ಜೇಬಿಗಿಳಿಸುವುದು ದೆಹಲಿ ಮೆಟ್ರೋದಲ್ಲಿಯೂ ಅಪರೂಪವೇನಲ್ಲ.

ಕೀ ಕೊಡುವ ಕೈಗಡಿಯಾರದ ಅವನತಿಯ ಹೊಣೆಯನ್ನು ಪೂರ್ತಿಯಾಗಿ ಮೊಬೈಲಿನ ಮೇಲೆ ಹೊರಿಸುವುದೂ ಸರಿಯಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ ಎಚ್‌ಎಂಟಿಯನ್ನು ಮೊದಲು ಹಿಂದಿಕ್ಕಿದ್ದು, 1984ರಲ್ಲಿ ಸ್ಥಾಪನೆಯಾದ ಟೈಟಾನ್ ಮಾರುಕಟ್ಟೆಗಿಳಿಸಿದ ಕ್ವಾರ್ಟ್ಸ್ ವಾಚುಗಳು. ಆದರೂ ಎಚ್‌ಎಂಟಿಯ ‘ಜನತಾ’ ಮಾದರಿಯನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರು ಇಂದಿಗೂ ಇದ್ದಾರೆ.